ಮಲ್ಲೇಶ್ವರ: ಬದಲಾದದ್ದು ಮನೆಯೊ, ನೆರೆಹೊರೆಯೊ?

ಬೆಂಗಳೂರಿನ ಮಲ್ಲೇಶ್ವರ ಎಂದೊಡನೆ ನಿಮಗೆ ಸಂಪಿಗೆ ರಸ್ತೆ, ಎಂಟನೇ ಅಡ್ಡರಸ್ತೆಯ ಹಬ್ಬದ ಗದ್ದಲ ನೆನಪಾಗಬಹುದು. ಆದರೆ ಈ ಬಡಾವಣೆ ಬೇಗನೆ ಬೆಳೆಯಲು ಕಾರಣವಾದದ್ದು ಒಂದು ಮಹಾಮಾರಿ.

ಕಾಡುಮಲ್ಲೇಶ್ವರ ದೇವಾಲಯ ಬಡಾವಣೆಗಿಂತ ಬಹಳ ಹಳೆಯದು. ಶಿವಾಜಿಯ ತಮ್ಮ ಏಕೋಜಿ ನೀಡಿದ ದತ್ತಿಯನ್ನು 1669ರ ಶಾಸನ ದಾಖಲಿಸಿದೆ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಬದುಕುವುದೇ ಕಷ್ಟವಾಯಿತು. ಆಗ ಗಾಳಿ, ಬೆಳಕು ಧಾರಾಳವಾಗಿರುವ ಹೊಸ ಬಡಾವಣೆಗಳಾಗಿ ದಕ್ಷಿಣದಲ್ಲಿ ಬಸವನಗುಡಿ, ಉತ್ತರದಲ್ಲಿ ಮಲ್ಲೇಶ್ವರ ಬೆಳೆದವು. ನೇರ ರಸ್ತೆಗಳು, ಸುತ್ತ ಅಂಗಳವಿದ್ದ ಮನೆಗಳು, ಹಿತ್ತಿಲಾಚೆ ಪೌರಕಾರ್ಮಿಕರು ಓಡಾಡುವ ಕಿರು ಓಣಿಗಳು ಬಂದವು. ಆದರೆ ನಿವೇಶನ ಹಂಚಿಕೆಯಲ್ಲಿ ಜಾತಿಯ ಲೆಕ್ಕವೂ ಇತ್ತು. ಆರೋಗ್ಯದ ಆ ಯೋಜನೆ ಎಲ್ಲರಿಗೂ ಸಮನಾಗಿರಲಿಲ್ಲ.

ಈಗಿನ ಬದಲಾವಣೆಗೆ ರೋಗ ಕಾರಣವಲ್ಲ, ನೆಲದ ಬೆಲೆ ಕಾರಣ. ಹಳೆಯ ಮನೆಗಿಂತ ಅದು ನಿಂತ ನೆಲವೇ ಹೆಚ್ಚು ಬೆಲೆಬಾಳುತ್ತದೆ. ಅಣ್ಣತಮ್ಮಂದಿರಲ್ಲಿ ಪಾಲಾಗುವ ಹೊತ್ತಿಗೆ ಒಂದು ಮನೆಯನ್ನು ನಾಲ್ಕಾಗಿ ಒಡೆಯಲಾಗದು. ಬಿಲ್ಡರ್‌ಗೆ ಕೊಟ್ಟರೆ ಪ್ರತಿಯೊಬ್ಬರಿಗೂ ಒಂದೊಂದು ಫ್ಲ್ಯಾಟ್ ಸಿಗುತ್ತದೆ. 2010ರಲ್ಲಿ ಸಂಪಿಗೆ ರಸ್ತೆಯ ತುದಿಯಲ್ಲಿ ದೊಡ್ಡ ಮಾಲ್ ತೆರೆಯಿತು, 2014ರಲ್ಲಿ ಮೆಟ್ರೊ ಬಂತು. ಈ ಎರಡೂ ನೆಲಕ್ಕೆ ಬೇಡಿಕೆಯನ್ನು ಹೆಚ್ಚಿಸುವಂಥವೇ.

ಹಳೆಯ ಬಡಾವಣೆಗೆ ಹಣವಂತರು ಬಂದು, ಅಲ್ಲಿದ್ದವರು ಬಾಡಿಗೆ ತಾಳಲಾರದೆ ಹೊರಡುವುದನ್ನು ಸಮಾಜಶಾಸ್ತ್ರಜ್ಞರು 'ಜೆಂಟ್ರಿಫಿಕೇಷನ್' ಎನ್ನುತ್ತಾರೆ. ಲಂಡನ್ನಿನ ಬಡಾವಣೆಗಳನ್ನು ನೋಡಿ ರೂತ್ ಗ್ಲಾಸ್ 1964ರಲ್ಲಿ ಬಳಕೆಗೆ ತಂದ ಮಾತಿದು. ಆದರೆ ಮಲ್ಲೇಶ್ವರದಂಥ ಕಡೆ ಮನೆಯ ಒಡೆಯರಿಗೆ ಲಾಭವೇ ಉಂಟು. ನೆಲೆ ತಪ್ಪುವುದು ಹಿತ್ತಿಲ ಕೋಣೆಯ ಬಾಡಿಗೆದಾರರಿಗೆ, ಇಸ್ತ್ರಿ ಗಾಡಿಯವರಿಗೆ, ಕಾಲುದಾರಿಯಲ್ಲಿ ಹೂವು, ಸೊಪ್ಪು ಮಾರುವವರಿಗೆ. ಅವರಿಗೆ ಪಾಲೂ ಇಲ್ಲ, ಪತ್ರವೂ ಇಲ್ಲ.

ಬೀದಿ ವ್ಯಾಪಾರಿಗಳಿಗಾದರೂ 2014ರ ಕೇಂದ್ರ ಕಾನೂನು ಒಂದು ಆಸರೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಸಿಗುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು.

ನಿಮ್ಮ ಬೀದಿಯಲ್ಲಿ ಹಳೆಯ ಮನೆಯೊಂದು ಉರುಳಿದಾಗ ಕಂಬ, ಜಗಲಿ, ಹೆಂಚುಗಳಿಗಾಗಿ ನಾವು ಮರುಗುವುದು ಸಹಜ. ಅದರ ಜೊತೆಗೇ ಆ ಮನೆಯ ನೆರಳಿನಲ್ಲಿ ದುಡಿದು ಬದುಕಿದವರು ಎಲ್ಲಿಗೆ ಹೋದರೆಂದೂ ವಿಚಾರಿಸಿ ನೋಡಿ.