ಹಕೀಕ್ ಮಣಿಯ ತೂತು

ಕರಾಚಿಯ ಹತ್ತಿರ ಅಲ್ಲಾಹ್‌ದಿನೊ ಎಂಬ ಪುಟ್ಟ ನೆಲೆಯಿದೆ. ಸಿಂಧೂ ನಾಗರಿಕತೆಯ ಕಾಲದ ಆ ಊರಿನಲ್ಲಿ ಪುರಾತತ್ತ್ವಜ್ಞರಿಗೆ ಒಂದು ಡಾಬು ಸಿಕ್ಕಿತು. ಅದರಲ್ಲಿರುವುದು 36 ಉದ್ದನೆಯ ಕೆಂಪು ಮಣಿಗಳು, ಒಂದೊಂದಕ್ಕೂ ಈ ತುದಿಯಿಂದ ಆ ತುದಿಯವರೆಗೆ ದಾರದಷ್ಟು ಸಪೂರದ ತೂತು. ಇಂಥ ಮಣಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜೊನಾಥನ್ ಮಾರ್ಕ್ ಕೆನೋಯರ್ ಅವರ ಲೆಕ್ಕದ ಪ್ರಕಾರ, ಈ ಒಂದು ಡಾಬಿನ ಹಿಂದೆ ಸುಮಾರು 480 ದಿನಗಳ ದುಡಿಮೆಯಿದೆ. ಅದರಲ್ಲಿ ದೊಡ್ಡದೊಂದು ಪಾಲು ಹೋಗಿದ್ದು ತೂತು ಕೊರೆಯುವುದಕ್ಕೇ.

ಆ ಕಲ್ಲು ಅಗೇಟ್ ಕುಟುಂಬದ್ದು. ಸಿಸಿಲಿಯ ಅಕಾಟೆಸ್ ಎಂಬ ನದಿಯಿಂದ ಕಲ್ಲಿಗೆ ಈ ಹೆಸರು ಬಂತೆಂದು ಗ್ರೀಕರ ಥಿಯೋಫ್ರಾಸ್ಟಸ್ ಬರೆದಿದ್ದಾನೆ. ನಮ್ಮ ಪೇಟೆಗಳಲ್ಲಿ ಓಡಾಡುವ ಹೆಸರು ಹಕೀಕ್, ಅರಬ್ಬಿಯಿಂದ ಬಂದದ್ದು. ಕೆಂಪು ಬಣ್ಣದ್ದನ್ನು ಕಾರ್ನೀಲಿಯನ್ ಎನ್ನುತ್ತಾರೆ.

ಇದು ಹುಟ್ಟುವುದು ಲಾವಾದ ಗುಳ್ಳೆಗಳಲ್ಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಹರಿದ ಲಾವಾ ಆರಿ ಕರಿಕಲ್ಲಾಗುವಾಗ, ಒಳಗೆ ಸಿಕ್ಕಿಕೊಂಡ ಅನಿಲ ಪೊಳ್ಳುಗಳನ್ನು ಉಳಿಸಿಹೋಯಿತು. ಸಿಲಿಕಾ ಕರಗಿದ ನೀರು ಆ ಪೊಳ್ಳುಗಳಿಗೆ ಇಳಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಕತ್ತರಿಸಿದಾಗ ಕಾಣುವ ಪಟ್ಟೆಗಳು ಈ ಪದರಗಳೇ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಕರಿಕಲ್ಲಿನ ಸೀಮೆಯೂ ಇದೇ ಲಾವಾದ ಅಂಚು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಕೀಕ್ ಎಂದರೆ ಒಂದರೊಳಗೊಂದು ಹೆಣೆದುಕೊಂಡ ಸಿಲಿಕಾ ಎಳೆಗಳು. ಆದ್ದರಿಂದ ಅದು ಗಟ್ಟಿಯಷ್ಟೇ ಅಲ್ಲ, ಬಿಗಿಯೂ ಹೌದು. ಗಡಸುತನದ ಮೋಸ್ ಅಳತೆಯಲ್ಲಿ 6.5ರಿಂದ 7, ಚಾಕುವಿನ ಉಕ್ಕು ಅದರ ಮೇಲೆ ಗೀರು ಎಳೆಯಲಾರದು. ಹಾಗಾದರೆ ಕಬ್ಬಿಣವನ್ನೇ ಕಾಣದ ಕಾಲದ ಜನ ಅದನ್ನು ಕೊರೆದದ್ದು ಹೇಗೆ?

ಉತ್ತರದ ಒಂದು ಭಾಗ ಸಿಂಧ್‌ನ ಚನ್ಹುದಾರೊದಲ್ಲಿ ಸಿಕ್ಕಿತು. 1935–36ರಲ್ಲಿ ಅರ್ನೆಸ್ಟ್ ಮೆಕೆ ಅಲ್ಲಿ ಅಗೆದಾಗ ಅರ್ಧ ಕೊರೆದ ಮಣಿಗಳ ಜೊತೆಗೆ ಕಲ್ಲಿನ ಬೈರಿಗೆ ಮೊನೆಗಳೂ ಬಂದವು. ಹಕೀಕಿಗಿಂತಲೂ ಗಟ್ಟಿಯಾದ ಆ ಮೊನೆಕಲ್ಲಿಗೆ ಮೆಕೆಯ ಹೆಸರಿನಿಂದಲೇ ಈಗ 'ಅರ್ನೆಸ್ಟೈಟ್' ಎನ್ನುತ್ತಾರೆ. ಅಂಥ ಮೊನೆಯನ್ನು ಬಿಲ್ಲಿನಿಂದ ತಿರುಗಿಸಿ, ನೀರು ತೊಟ್ಟಿಕ್ಕಿಸುತ್ತ ಕೊರೆದರೆ ಒಂದು ಗಂಟೆಗೆ ಎರಡೂವರೆ ಮಿಲಿಮೀಟರಿನಷ್ಟು ಇಳಿಯುತ್ತದೆ. ಆರು ಸೆಂಟಿಮೀಟರ್ ಮಣಿಗೆ ಇಪ್ಪತ್ತನಾಲ್ಕು ಗಂಟೆ, ಮೊನೆ ಮಸೆದುಕೊಳ್ಳುವ ಹೊತ್ತು ಬೇರೆ. ಎರಡೂ ತುದಿಗಳಿಂದ ಕೊರೆದು ನಡುವೆ ಸಂಧಿಸಬೇಕು. ಸ್ವಲ್ಪ ವಾಲಿದರೆ ಅಷ್ಟು ದಿನದ ಕೆಲಸ ಒಂದೇ ಬಿರುಕಿನಲ್ಲಿ ಮುಗಿಯಿತು.

ಮಿಕ್ಕ ಹಂತಗಳು ಗುಜರಾತಿನ ಖಂಭಾತದಲ್ಲಿ ನಮ್ಮ ಕಾಲದವರೆಗೂ ಉಳಿದುಬಂದಿವೆ. ಕಲ್ಲು ಬರುವುದು ನರ್ಮದೆಯ ಆಚೆ, ರತನ್‌ಪುರದ ಗಣಿಗಳಿಂದ. ಅಲ್ಲಿನ ಗುಡ್ಡದ ಮೇಲೆ ಬಾಬಾ ಘೋರ್ ದರ್ಗಾ ಇದೆ. ಹಕೀಕ್ ಕಸುಬಿನವರು ನೆನೆಯುವ ಈ ಸಂತ, ನಮ್ಮ ಉತ್ತರ ಕನ್ನಡದ ಸಿದ್ದಿಗಳಂತೆಯೇ ಆಫ್ರಿಕಾ ಮೂಲದ ಗುಜರಾತಿ ಸಿದ್ದಿಗಳಿಗೂ ಪೂಜ್ಯ.

ಗಣಿಯಿಂದ ತಂದ ಕಲ್ಲು ಮಾಸಲು ಹಳದಿ, ಕಂದು. ಮೊದಲು ಅದನ್ನು ತಿಂಗಳುಗಟ್ಟಲೆ ಬಿಸಿಲಿಗೆ ಹಾಕುತ್ತಾರೆ. ಆಮೇಲೆ ಮಣ್ಣಿನ ಗಡಿಗೆಗಳಲ್ಲಿ ತುಂಬಿ, ಸುತ್ತ ಬೆರಣಿಯೋ ಮರದ ಹೊಟ್ಟೋ ಹಾಕಿ ನಿಧಾನ ಬೆಂಕಿಯಲ್ಲಿ ಸುಡುತ್ತಾರೆ. ಈ ಬಿಸಿಗೆ ಕಲ್ಲಿನೊಳಗಿನ ಕಬ್ಬಿಣದ ಸಂಯುಕ್ತ ತನ್ನ ನೀರಿನಂಶವನ್ನು ಬಿಟ್ಟುಕೊಟ್ಟು ಹೆಮಟೈಟ್ ಆಗುತ್ತದೆ, ಕಲ್ಲು ಕೆಂಪಾಗುತ್ತದೆ. ಹಸಿಮಣ್ಣಿನ ಇಟ್ಟಿಗೆ ಗೂಡಿನಲ್ಲಿ ಕೆಂಪಾಗುವುದೂ ಹೆಚ್ಚುಕಡಿಮೆ ಹೀಗೆಯೇ. ಸುಟ್ಟ ಕಲ್ಲಿನಿಂದ ಚಕ್ಕೆ ಎಬ್ಬಿಸುವುದೂ ಸುಲಭ.

ಚಕ್ಕೆ ಎಬ್ಬಿಸುವ ಕ್ರಮ ನನಗೆ ಎಲ್ಲಕ್ಕಿಂತ ಸೋಜಿಗದ್ದು. ಚೂಪಾದ ಕಬ್ಬಿಣದ ಸಲಾಕೆಯನ್ನು ನೆಲದಲ್ಲಿ ಓರೆಯಾಗಿ ಹುಗಿದಿರುತ್ತಾರೆ. ಕೆಲಸಗಾರ ಕಲ್ಲನ್ನು ಅದರ ಮೊನೆಗೆ ತಾಗಿಸಿ ಹಿಡಿದು, ಎಮ್ಮೆಕೊಂಬಿನ ತಲೆಯಿರುವ ಹಗುರ ಸುತ್ತಿಗೆಯಿಂದ ಈ ಬದಿಗೆ ಮೆಲ್ಲಗೆ ಬಡಿಯುತ್ತಾನೆ. ಪೆಟ್ಟು ಬೀಳುವುದು ಇತ್ತ, ಚಕ್ಕೆ ಏಳುವುದು ಅತ್ತ, ಸಲಾಕೆ ತಾಗಿದ ಕಡೆ. ಹೀಗೆ ರೂಪಕ್ಕೆ ಬಂದ ಮಣಿಯನ್ನು ಸಾಣೆ ಹಿಡಿದು, ವಜ್ರದ ಹರಳು ಕೂರಿಸಿದ ಬೈರಿಗೆಯಿಂದ ಕೊರೆಯುತ್ತಾರೆ. ಹೊಳಪಿಗೆ ಹಿಂದೆ ಮಣಿಗಳನ್ನು ಹಕೀಕಿನ ಪುಡಿಯ ಜೊತೆ ತೊಗಲಿನ ಚೀಲದಲ್ಲಿ ತುಂಬಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಉರುಳಾಡಿಸುತ್ತಿದ್ದರು. ಈಗ ಆ ಕೆಲಸ ಮೋಟಾರಿನ ಪೀಪಾಯಿಗಳದು.

ಈ ಮಣಿಗಳು ದೂರ ದೂರ ಹೋದವು. ಇರಾಕಿನ ಉರ್ ಪಟ್ಟಣದ ರಾಜಸಮಾಧಿಗಳನ್ನು 1920ರ ದಶಕದಲ್ಲಿ ಲಿಯೊನಾರ್ಡ್ ವೂಲಿ ತೆರೆದಾಗ ಸಿಂಧೂ ಕಣಿವೆಯ ಕಾರ್ನೀಲಿಯನ್ ಮಣಿಗಳೂ ಸಿಕ್ಕವು. ಕ್ರಿ.ಶ. ಒಂದನೇ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕ ಕೈಪಿಡಿಯ ಪ್ರಕಾರ, ಶಾತವಾಹನರ ಪೈಠಣದಿಂದ ಪಟ್ಟೆಕಲ್ಲು ಗಾಡಿಗಳಲ್ಲಿ ಭರೂಚ್ ಬಂದರಿಗೆ ಇಳಿಯುತ್ತಿತ್ತು. ರಾಯಚೂರು ಸೀಮೆಯ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿಯೂ ಹಕೀಕ್, ಕಾರ್ನೀಲಿಯನ್ ಮಣಿಗಳಿದ್ದವು.

ಒಡವೆಯಾಚೆಗೂ ಈ ಗಡಸುತನ ದುಡಿದಿದೆ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಹಳೆಯ ಗಾಜಿನ ಪೆಟ್ಟಿಗೆಯ ತಕ್ಕಡಿ ಬಳಸಿದ್ದರೆ ನೆನಪಿಸಿಕೊಳ್ಳಿ, ಅದರ ದಂಡಿಗೆ ತೂಗಾಡುತ್ತಿದ್ದ ಅಂಚು ಅಗೇಟಿನದು. ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಮಾದರಿಗೆ ಬೇರೇನೂ ಬೆರೆಯಬಾರದೆಂದು ವಿಜ್ಞಾನಿಗಳು ಇಂದಿಗೂ ಅಗೇಟಿನ ಪುಟ್ಟ ಕಲ್ಲುಬತ್ತಿನಲ್ಲಿ ಅರೆಯುತ್ತಾರೆ. ಚಿಕಣಿ ಚಿತ್ರಗಳ ಕಾಗದವನ್ನೂ ಚಿನ್ನದ ರೇಕನ್ನೂ ಹೊಳೆಯುವಂತೆ ಉಜ್ಜಲು ನುಣುಪಾದ ಅಗೇಟ್ ಬೇಕು.

ಕೊಳ್ಳುವವರಿಗೆ ಒಂದು ಸೂಚನೆ. ಪದರಗಳ ನಡುವೆ ಸೂಕ್ಷ್ಮ ರಂಧ್ರಗಳಿರುವುದರಿಂದ ಹಕೀಕ್ ಬಣ್ಣ ಕುಡಿಯುತ್ತದೆ. ಜರ್ಮನಿಯ ಇಡಾರ್-ಓಬರ್‌ಸ್ಟೈನ್ ಊರಿನವರು ಕಲ್ಲನ್ನು ಸಕ್ಕರೆ ನೀರಿನಲ್ಲಿ ನೆನೆಸಿ, ಗಂಧಕಾಮ್ಲದಲ್ಲಿ ಅದ್ದಿ ಕಪ್ಪಾಗಿಸುತ್ತಿದ್ದರು. ಆಮ್ಲ ಸಕ್ಕರೆಯನ್ನು ಇದ್ದಿಲು ಮಾಡುತ್ತದೆ, ಅಷ್ಟೇ. ಅಂಗಡಿಯಲ್ಲಿ ಕಣ್ಣು ಕುಕ್ಕುವ ನೀಲಿ, ಗುಲಾಬಿ ಹಕೀಕ್ ಕಂಡರೆ ಅದು ಬಣ್ಣ ಹಾಕಿದ್ದು ಎಂದೇ ತಿಳಿಯಿರಿ.

ಆದರೆ ಹಕೀಕ್ ಉಜ್ಜುವವರ ಎದೆಯೊಳಗೂ ಇಳಿಯುತ್ತದೆ. ಒಣಗಲ್ಲನ್ನು ಸಾಣೆಚಕ್ರಕ್ಕೆ ಹಿಡಿದಾಗ ಏಳುವ ದೂಳು ಹೆಚ್ಚುಕಡಿಮೆ ಶುದ್ಧ ಸಿಲಿಕಾ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಹೋಗಿ ಕೂತು ಗಾಯ ಮಾಡುತ್ತವೆ, ಗಾಯ ಗಟ್ಟಿ ಕಲೆಯಾಗುತ್ತದೆ. ಈ ಸಿಲಿಕೋಸಿಸ್ ಖಂಭಾತದ ಮನೆಮನೆಗಳಲ್ಲಿ, ಚಕ್ರ ತಿರುಗಿಸುವವರಲ್ಲಷ್ಟೇ ಅಲ್ಲ, ಅದೇ ಮನೆಯಲ್ಲಿ ಉಸಿರಾಡುವವರಲ್ಲೂ ಕಾಣಿಸಿಕೊಂಡಿದೆ. ನೀರು ಹಾಕಿ ಉಜ್ಜಿದರೆ, ದೂಳು ಹೀರುವ ಯಂತ್ರ ಕೂರಿಸಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಬಂದ ಮೇಲೆ ವಾಸಿ ಮಾಡುವ ಮದ್ದಿಲ್ಲ.

ರೋಗ ಮೇಲ್ನೋಟಕ್ಕೆ ಕ್ಷಯದಂತೆಯೇ ಕಾಣುತ್ತದೆ, ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಗ್ರಾನೈಟ್ ಆಗಲಿ, ಶಿಲ್ಪವಾಗಲಿ, ಹರಳಾಗಲಿ, ಕಲ್ಲು ಕೊರೆಯುವ ಕೆಲಸದವರು ನಿಮ್ಮ ಮನೆಯಲ್ಲೋ ಪರಿಚಯದಲ್ಲೋ ಇದ್ದು ಬಿಡದ ಕೆಮ್ಮು, ಏದುಸಿರು ಕಾಡುತ್ತಿದ್ದರೆ, ಎದೆಯ ಎಕ್ಸ್-ರೇ ತೆಗೆಸಿ. ಎಷ್ಟು ವರ್ಷದಿಂದ ಯಾವ ಕಲ್ಲಿನ ಕೆಲಸ ಮಾಡುತ್ತಿದ್ದಾರೆ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.