ಸಣ್ಣ ಗಂಟಿನ ದೊಡ್ಡ ವ್ಯಾಪಾರ: ಗದಗಿನಿಂದ ಹೊರಟ ಒಂದು ಲಾರಿಯ ಕಥೆ

ಮುಂಬಯಿ, ಪುಣೆಗಳಲ್ಲಿ ನಮ್ಮವರ ಹೋಟೆಲುಗಳ ಅಡಿಗೆಮನೆಯನ್ನು ಹೊಕ್ಕು ನೋಡಿದರೆ, ಒಂದು ಮೂಲೆಯಲ್ಲಿ ಊರ ಕಡೆಯಿಂದ ಬಂದ ಗೋಣಿಚೀಲವೊಂದು ಕಾಣದಿರದು. ಅದರಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಇರಬಹುದು, ಮನೆಯವರು ಕಟ್ಟಿ ಕಳುಹಿಸಿದ ಹಪ್ಪಳ ಸಂಡಿಗೆಗಳಿರಬಹುದು. ಚೀಲದ ಮೇಲೆ ಮಸಿಯಲ್ಲಿ ಬರೆದ ಒಂದು ಹೆಸರು, ಒಂದು ಅಂಕೆ. ಆ ಗಂಟು ಇಷ್ಟು ದೂರ ಹೇಗೆ ಬಂದಿತೆಂದು ನಾವು ವಿಚಾರಿಸುವುದಿಲ್ಲ. ಬರಬೇಕಾದ ದಿನ ಬಾರದಿದ್ದಾಗ ಮಾತ್ರ ವಿಚಾರಿಸುತ್ತೇವೆ. ಇಂತಹ ಸಣ್ಣ ಗಂಟುಗಳನ್ನು ನಂಬಿಯೇ ಕನ್ನಡ ನಾಡಿನ ಒಂದು ಮನೆತನ ದೇಶದ ದೊಡ್ಡ ಲಾರಿ ಸಂಸ್ಥೆಗಳಲ್ಲೊಂದನ್ನು ಕಟ್ಟಿತೆಂಬುದು ನಮ್ಮ ವಾಚಕರು ತಿಳಿಯತಕ್ಕ ಸಂಗತಿ.

ಗದಗಿನ ಸಂಕೇಶ್ವರ ಮನೆತನದ ಹೆಸರು ಮೊದಲು ಪ್ರಸಿದ್ಧವಾದುದು ಪುಸ್ತಕಗಳಿಂದ. ಇಂಗ್ಲಿಷ್ ಕಲಿಯಲು ಹೆಣಗಿದ ನಮ್ಮ ಗುಮಾಸ್ತ ಮಿತ್ರರಲ್ಲಿ ಅನೇಕರು ಆ ಮನೆಯಿಂದ ಹೊರಬಂದ ನಿಘಂಟಿನ ಪುಟಗಳನ್ನು ತಿರುವಿದವರೇ. ಮುದ್ರಣ, ಪ್ರಕಾಶನಗಳೆರಡೂ ನೆಲೆಗೊಂಡಿದ್ದ ಆ ಮನೆಯ ಮಗ ವಿಜಯ ಸಂಕೇಶ್ವರರು 1976ರಲ್ಲಿ ಸಾಲ ಮಾಡಿ ಒಂದು ಲಾರಿಯನ್ನು ಕೊಂಡರು. ಆಗ ಅವರಿಗೆ ಇಪ್ಪತ್ತಾರರ ಆಸುಪಾಸಿನ ಪ್ರಾಯ. ಕೈಗೆ ಹತ್ತಿದ ಉದ್ಯೋಗವನ್ನು ಬಿಟ್ಟು ಅರಿಯದ ಹಾದಿ ಹಿಡಿಯುವುದು ತಂದೆಯವರಿಗೆ ಒಪ್ಪಿಗೆಯಾಗಲಿಲ್ಲ. ತಂದೆಯವರ ಅಂಜಿಕೆ ನಿರಾಧಾರವಾದುದೂ ಅಲ್ಲ. ಮೊದಲ ವರ್ಷಗಳು ಕಷ್ಟದವೇ ಆಗಿದ್ದವು.

ಕಷ್ಟಕ್ಕೆ ಕಾರಣವನ್ನು ಲಾರಿ ವ್ಯವಹಾರ ಬಲ್ಲವರು ಬೇಗನೆ ಊಹಿಸಬಲ್ಲರು. ಒಂದೇ ಲಾರಿಯ ಒಡೆಯನು ಹೆಸರಿಗೆ ಮಾತ್ರ ಯಜಮಾನ. ಮಾಲು ಕೊಡುವವನು ದಲಾಲಿ, ಬಾಡಿಗೆ ಗೊತ್ತುಮಾಡುವವನೂ ಅವನೇ. ಹೋಗುವಾಗ ತುಂಬಿದ ಗಾಡಿ ಬರುವಾಗ ಬರಿದಾದರೆ ಲಾಭವೆಲ್ಲ ಡೀಸೆಲಿಗೆ ಹೋಯಿತು. ಲಾರಿ ನಾಲ್ಕು ದಿನ ಕೆಟ್ಟು ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರ ಸಿಕ್ಕಿದುದು ಸಣ್ಣ ಗಂಟಿನಲ್ಲಿ. ವಾಚಕರು ಒಂದು ಲೆಕ್ಕವನ್ನು ಗಮನಿಸಬೇಕು. ಹತ್ತು ಟನ್ನಿನ ಲಾರಿಗೆ ಒಬ್ಬನೇ ವರ್ತಕನು ಮಾಲು ತುಂಬಿದರೆ, ಅವನು ಹೇಳಿದ್ದೇ ಬಾಡಿಗೆ. ಅದೇ ಲಾರಿಯಲ್ಲಿ ಇನ್ನೂರು ಜನ ತಲಾ ಐವತ್ತು ಕಿಲೋ ಗಂಟು ಹಾಕಿದರೆ ತೂಕ ಅಷ್ಟೇ. ಆದರೆ ಕಿಲೋ ಒಂದಕ್ಕೆ ದೊರೆಯುವ ಹಣ ಹೆಚ್ಚು, ಒಬ್ಬ ಗಿರಾಕಿ ಬಿಟ್ಟುಹೋದರೆ ಗಾಡಿ ನಿಲ್ಲುವುದೂ ಇಲ್ಲ. ಆದರೆ ಈ ಲಾಭ ಬಿಟ್ಟಿಯಾಗಿ ಬಾರದು. ಇನ್ನೂರು ಗಂಟಿಗೆ ಇನ್ನೂರು ರಸೀದಿ, ಇನ್ನೂರು ವಿಳಾಸ. ಊರೂರಿಗೂ ಗೋದಾಮು ಬೇಕು; ಇಳಿಸಿ, ವಿಂಗಡಿಸಿ, ಮತ್ತೆ ಏರಿಸುವ ಹಮಾಲರು ಬೇಕು; ತಪ್ಪದೆ ಬರೆಯುವ ಗುಮಾಸ್ತರು ಬೇಕು. ಒಂದು ಗಂಟು ಕಳೆದರೂ ಹೋಗುವುದು ಐವತ್ತು ಕಿಲೋ ಅಲ್ಲ, ಸಂಸ್ಥೆಯ ಹೆಸರು.

ಗದಗಿನಿಂದ ಹುಬ್ಬಳ್ಳಿಗೆ ನೆಲೆ ಬದಲಾಯಿಸಿದುದು ಈ ಕೆಲಸಕ್ಕೆ ಬಹಳ ಅನುಕೂಲವಾಯಿತು. ಪುಣೆ–ಬೆಂಗಳೂರು ಹೆದ್ದಾರಿ ಹುಬ್ಬಳ್ಳಿಯ ಮಗ್ಗುಲಲ್ಲೇ ಹಾದುಹೋಗುತ್ತದೆ. ಬೆಂಗಳೂರು ಅಲ್ಲಿಗೆ ನಾನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ. ಸುತ್ತಣ ಊರುಗಳ ಗಂಟುಗಳು ಅಲ್ಲಿ ಒಂದುಗೂಡಿ, ದಿಕ್ಕಿಗೊಂದು ಲಾರಿಯಾಗಿ ಹೊರಡಬಹುದು. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ನಡುವೆ ಬೆಳೆದ ವ್ಯವಹಾರವು 1983ರಲ್ಲಿ ವಿಜಯಾನಂದ ರೋಡ್‌ಲೈನ್ಸ್ ಎಂಬ ಖಾಸಗಿ ಕಂಪನಿಯಾಯಿತು. 1992ರಲ್ಲಿ ಕರ್ನಾಟಕದೊಳಗೆ ಕೊರಿಯರ್ ಸೇವೆ, 1996ರಲ್ಲಿ ಪ್ರಯಾಣಿಕರ ಬಸ್ಸುಗಳು ಬಂದವು. ಹುಬ್ಬಳ್ಳಿಯ ಸಮೀಪ ವರೂರಿನಲ್ಲಿ ಸಂಸ್ಥೆಯದೇ ದೊಡ್ಡ ಕಾರ್ಯಾಗಾರವೆದ್ದಿತು. ಬಾಡಿಗೆಯ ಗಾಡಿಗಳನ್ನು ಹೆಚ್ಚು ನೆಚ್ಚದೆ ಸ್ವಂತ ಗಾಡಿ, ಸ್ವಂತ ರಿಪೇರಿ ಎಂಬ ನೀತಿಯನ್ನು ಹಿಡಿದುದರಿಂದ, ಹೊರಡುವ ವೇಳೆಯೂ ತಲುಪುವ ವೇಳೆಯೂ ಬಹುಮಟ್ಟಿಗೆ ತಮ್ಮ ಹತೋಟಿಯಲ್ಲೇ ಉಳಿದವು.

ಪುಸ್ತಕದ ಮನೆಯಿಂದ ಹೊರಟ ಲಾರಿ ಮತ್ತೆ ಅಕ್ಷರದ ಬಾಗಿಲಿಗೇ ಬಂದು ನಿಂತುದು ಒಂದು ಸ್ವಾರಸ್ಯ. 1999ರಲ್ಲಿ ಇದೇ ಮನೆತನದವರು ‘ವಿಜಯ ಕರ್ನಾಟಕ’ ದಿನಪತ್ರಿಕೆಯನ್ನು ಆರಂಭಿಸಿದರು. ಬೆಳಗಾಗುವುದರೊಳಗೆ ಊರೂರಿಗೂ ಕಟ್ಟುಗಳನ್ನು ತಲುಪಿಸುವ ವಿದ್ಯೆ ಅವರಿಗೆ ಮೊದಲೇ ಸಿದ್ಧಿಸಿತ್ತು. ಕೆಲವೇ ವರ್ಷಗಳಲ್ಲಿ ಆ ಪತ್ರಿಕೆ ಕನ್ನಡದಲ್ಲಿ ಅತ್ಯಧಿಕ ಪ್ರಸಾರವನ್ನು ಗಳಿಸಿತು. 2006ರಲ್ಲಿ ಅದು ಟೈಮ್ಸ್ ಸಮೂಹಕ್ಕೆ ಮಾರಾಟವಾಯಿತು.

ಮನೆತನದ ವ್ಯವಹಾರಗಳು ಬೆಳೆದಂತೆ ಒಡೆಯುವುದನ್ನು ನಾವು ಬಹಳ ಕಂಡಿದ್ದೇವೆ. ಅಣ್ಣತಮ್ಮಂದಿರ ಹೋಟೆಲು ಎರಡಾಗಿ, ಎರಡೂ ಮುಚ್ಚಿದ ಪ್ರಸಂಗಗಳು ನಮ್ಮವರಲ್ಲಿಯೇ ಎಷ್ಟಿಲ್ಲ! ಈ ಸಂಸ್ಥೆಯಲ್ಲಿ ತಂದೆಯ ಜೊತೆಗೆ ಮಗ ಆನಂದ ಸಂಕೇಶ್ವರರು ಹೊಣೆ ಹೊತ್ತರು. ವಿಆರ್‌ಎಲ್ ಲಾಜಿಸ್ಟಿಕ್ಸ್ ಎಂಬ ಹೆಸರಿನಲ್ಲಿ 2015ರಲ್ಲಿ ಅದು ಷೇರು ಪೇಟೆಯನ್ನು ಪ್ರವೇಶಿಸಿತು. ಆ ವೇಳೆಗೆ ಲಾರಿಗಳ ಸಂಖ್ಯೆ ಮೂರು ಸಾವಿರವನ್ನು ಮೀರಿತ್ತು. ಮನೆಯ ಲೆಕ್ಕದ ಪುಸ್ತಕವನ್ನು ಊರವರ ಮುಂದೆ ಬಿಚ್ಚಿಡುವುದು ಸುಲಭದ ಮಾತಲ್ಲ. ಹಾಗೆ ಬಿಚ್ಚಿಟ್ಟ ಮೇಲೆ ಪರರ ಹಣಕ್ಕೂ ಉತ್ತರ ಹೇಳಬೇಕಾಗುತ್ತದೆ. ಮುಂದೆ ಬಸ್ಸಿನ ವ್ಯವಹಾರವನ್ನು ಬೇರ್ಪಡಿಸಿ, ಈ ಸಂಸ್ಥೆ ಸರಕು ಸಾಗಣೆಯನ್ನೇ ಮುಖ್ಯವಾಗಿ ಹಿಡಿಯಿತು. 2020ರಲ್ಲಿ ವಿಜಯ ಸಂಕೇಶ್ವರರಿಗೆ ಪದ್ಮಶ್ರೀ ದೊರೆಯಿತು.

ಕಾಲವೂ ಬದಲಾಗಿದೆ. ಮುಂಬಯಿಯ ಜಕಾತಿ ನಾಕಾಗಳಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದೊಡನೆ ಆ ಜಕಾತಿ ರದ್ದಾಯಿತು. ಆದರೆ ಘಾಟಿಯ ಮಳೆ, ನಿದ್ದೆಗೆಟ್ಟ ಚಾಲಕನ ಕಣ್ಣು, ಹಮಾಲನ ಬೆನ್ನು ಇವು ಇಂದಿಗೂ ಇದ್ದಂತೆಯೇ ಇವೆ. ಇನ್ನೂರು ಗಂಟುಗಳ ಲಾಭ ನಿಂತಿರುವುದು ಇವರ ಮೇಲೆಯೇ ಎಂಬುದನ್ನು ಲಾಭ ಎಣಿಸುವವರು ಮರೆಯಬಾರದು.

ನಾಲ್ಕು ಕಾಸು ಕೂಡಿಹಾಕಿ, ಊರಿಗೆ ಹೋಗಿ ಒಂದು ಗಾಡಿ ಕೊಳ್ಳಬೇಕೆಂಬ ಆಸೆ ನಮ್ಮ ತರುಣರಲ್ಲಿ ಅನೇಕರಿಗುಂಟು. ಆಸೆ ಒಳ್ಳೆಯದೇ. ಆದರೆ ಅವರಿಗೆ ನಾವು ಹೇಳುವುದಿಷ್ಟೆ: ಗಾಡಿಯನ್ನು ಸಾಲದಿಂದಲೂ ಕೊಳ್ಳಬಹುದು, ನಂಬಿಕೆಯನ್ನು ಹಾಗೆ ಕೊಳ್ಳಲಾಗದು. ಅಂಗಡಿಯವನ ನೂರು ಚೀಲಕ್ಕೆ ಇರುವ ಮರ್ಯಾದೆಯೇ ಮುದುಕಿಯೊಬ್ಬಳು ಮಗನಿಗೆ ಕಳುಹಿಸಿದ ಹಪ್ಪಳದ ಗಂಟಿಗೂ ಇರಬೇಕು. ಅದನ್ನು ಹೇಳಿದ ದಿನ, ಹೇಳಿದ ಬಾಗಿಲಿಗೆ ಮುಟ್ಟಿಸಬಲ್ಲವನಿಗೆ ಎರಡನೆಯ ಲಾರಿ ತಾನಾಗಿ ಬಂದೀತು.