ಹೊಸ ಎಂಜಿನ್ನಿಗೇಕೆ ಪಥ್ಯ?

‘ಮೊದಲ ಸರ್ವೀಸ್ ಆಗೋವರೆಗೂ ಜೋರಾಗಿ ಓಡಿಸಬೇಡಿ ಸಾರ್, ಎಂಜಿನ್ ಫ್ರೀ ಆಗ್ಲಿ.’ ಹೊಸ ಬೈಕು ಕೊಂಡವರಿಗೆಲ್ಲ ಮೆಕ್ಯಾನಿಕ್ ಹೇಳುವ ಮಾತಿದು. ಕಾರ್ಖಾನೆಯಿಂದ ಆಗಷ್ಟೇ ಬಂದ ಯಂತ್ರಕ್ಕೆ ಈ ಪಥ್ಯ ಏಕೆ? ಉತ್ತರ ಘರ್ಷಣೆಯಲ್ಲಿದೆ. ಪಠ್ಯಪುಸ್ತಕದಲ್ಲಿ ಘರ್ಷಣಾಂಕ ಒಂದು ಸ್ಥಿರ ಸಂಖ್ಯೆ. ಯಂತ್ರದೊಳಗೆ ಅದು ದಿನ ಕಳೆದಂತೆ ಬದಲಾಗುತ್ತದೆ.

ಎಷ್ಟೇ ನುಣುಪಾದ ಲೋಹವಾದರೂ ಸೂಕ್ಷ್ಮದರ್ಶಕದಡಿ ಬರೀ ಏರುತಗ್ಗು. ಎರಡು ಮೇಲ್ಮೈಗಳು ಒಂದಕ್ಕೊಂದು ತಾಗುವುದು ಕೆಲವೇ ತುದಿಗಳಲ್ಲಿ. ಭಾರವೆಲ್ಲ ಅವುಗಳ ಮೇಲೆಯೇ. ಕೇಂಬ್ರಿಜ್‌ನ ವಿಜ್ಞಾನಿಗಳಾದ ಬೌಡನ್ ಮತ್ತು ಟೇಬರ್ 20ನೇ ಶತಮಾನದ ನಡುವಿನಲ್ಲಿ ಇದನ್ನು ಸ್ಪಷ್ಟಪಡಿಸಿದರು. ಸುಮ್ಮನೆ ಒತ್ತಿಕೊಂಡಿದ್ದರೂ ಈ ತುದಿಗಳು ನಿಧಾನವಾಗಿ ಚಪ್ಪಟೆಯಾಗಿ, ತಾಗುವ ಜಾಗ ಹಿಗ್ಗುತ್ತದೆ. ಹೆಚ್ಚು ಹೊತ್ತು ನಿಂತ ವಸ್ತುವನ್ನು ಕದಲಿಸಲು ಹೆಚ್ಚು ಬಲ ಬೇಕೆಂದು ಫ್ರಾನ್ಸಿನ ವಿಜ್ಞಾನಿ ಕೂಲಂಬ್ 18ನೇ ಶತಮಾನದಲ್ಲೇ ಅಳೆದು ತೋರಿಸಿದ್ದ.

ಜಾರುವಾಗಿನ ಕಥೆಯೇ ಬೇರೆ; ಆಗ ತುದಿಗಳು ಸವೆಯುತ್ತವೆ. ಎಂಜಿನ್ನಿನ ಸಿಲಿಂಡರ್ ಒಳಗೋಡೆಯನ್ನು ಗಾಜಿನಂತೆ ನುಣುಪು ಮಾಡುವುದಿಲ್ಲ. ಹೋನಿಂಗ್ ಕಲ್ಲಿನಿಂದ ಉಜ್ಜಿ, ಒಂದನ್ನೊಂದು ಅಡ್ಡಹಾಯುವ ಸಣ್ಣ ಗೀರುಗಳನ್ನು ಬೇಕೆಂದೇ ಉಳಿಸುತ್ತಾರೆ. ಮೊದಲ ನೂರಾರು ಕಿಲೋಮೀಟರ್‌ಗಳಲ್ಲಿ ಪಿಸ್ಟನ್ ರಿಂಗ್ ಈ ಗೀರುಗಳ ಚೂಪು ಅಂಚುಗಳನ್ನು ಸವೆಸುತ್ತದೆ. ರಿಂಗೂ ಗೋಡೆಗೆ ತಕ್ಕಂತೆ ಸವೆದು ಕೂಡಿಕೊಳ್ಳುತ್ತದೆ. ಮೇಲೆ ಸಮತಟ್ಟು, ಕೆಳಗೆ ಆಯಿಲ್ ಹಿಡಿದಿಡುವ ಗೀರು: ಘರ್ಷಣೆ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ‘ಫ್ರೀ ಆಗುವುದು’ ಎಂದರೆ ಇದೇ.

ಫ್ರೀ ಆಗುವ ಮೊದಲೇ ಆ್ಯಕ್ಸಿಲರೇಟರ್ ಪೂರ್ತಿ ತಿರುವಿದರೆ ಚೂಪು ತುದಿಗಳು ವಿಪರೀತ ಕಾಯುತ್ತವೆ, ಆಯಿಲ್ ಪದರ ಒಡೆಯುತ್ತದೆ, ಲೋಹಕ್ಕೆ ಲೋಹ ಅಂಟಿ ಗೋಡೆ ಕಿತ್ತುಬರಬಹುದು. ಹಾಗೆಂದು ತೀರಾ ಮೆತ್ತಗೆ ಓಡಿಸುವುದೂ ಸಲ್ಲದು. ರಿಂಗನ್ನು ಗೋಡೆಗೆ ಒತ್ತುವುದು ಮುಖ್ಯವಾಗಿ ಉರಿಯುವ ಅನಿಲದ ಒತ್ತಡ. ಅದು ಸಾಲದಿದ್ದರೆ ರಿಂಗ್ ಸರಿಯಾಗಿ ಕೂರುವುದೇ ಇಲ್ಲ. ವರ್ಷಗಳು ಉರುಳಿ ಗೀರುಗಳೂ ಸವೆದುಹೋದಾಗ ಆಯಿಲ್‌ಗೆ ನೆಲೆ ತಪ್ಪುತ್ತದೆ, ಅದು ಉರಿದು ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಆಗ ಸಾಮಾನ್ಯವಾಗಿ ಸಿಲಿಂಡರನ್ನು ಮತ್ತೆ ಕೊರೆಸದೆ, ಅಂದರೆ ಬೋರ್ ಮಾಡಿಸದೆ, ವಿಧಿಯಿಲ್ಲ.

ಹಾಗಾಗಿ ಹೊಸ ಬೈಕನ್ನು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ. ಮ್ಯಾನುಯಲ್ ಹೇಳುವ ಮಿತಿಯೊಳಗೆ ವೇಗವನ್ನು ಏರಿಳಿಸುತ್ತಿರಿ. ಸವೆದ ಲೋಹದ ಪುಡಿ ಬಹುಪಾಲು ಮೊದಲ ಆಯಿಲ್‌ನಲ್ಲೇ ಸೇರಿರುತ್ತದೆ. ಆ ಆಯಿಲ್ ಬದಲಿಸುವ ಮೊದಲ ಸರ್ವೀಸನ್ನು ಮಾತ್ರ ಮುಂದೂಡಬೇಡಿ.